ಅಧಿಕಾರ ವಿಕೇಂದ್ರೀಕರಣದ ಏಳುಬೀಳು: ಕರ್ನಾಟಕದ ಜಿಲ್ಲಾ ಪರಿಷತ್ತುಗಳು (1987–1992)

ಗಜೇಂದ್ರಗಡದ ಬಳಿಯ ಪುರ್ತಗೇರಿಯಂತಹ ಗ್ರಾಮಗಳ ಆಡಳಿತ ಚರಿತ್ರೆಯು ಮೇಲಿನ ಸರ್ಕಾರಗಳ ಬದಲಾವಣೆಯ ಚರಿತ್ರೆಯೂ ಆಗಿದೆ. ಧಾರವಾಡ ಜಿಲ್ಲೆಯ ರೋಣ ಸೀಮೆಯು 1956ರ ಏಕೀಕರಣದವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅನಂತರ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ನೂತನ ಗದಗ ಜಿಲ್ಲೆಯ ಭಾಗವಾಯಿತು. ಈ ಭಾಗದ ಗ್ರಾಮಗಳೂ ಒಳಗೊಂಡಂತೆ ಇಡೀ ರಾಜ್ಯದಲ್ಲಿ ನಡೆದ ಒಂದು ಮಹತ್ವದ ಪ್ರಯೋಗವು ಹೇಗೆ ಕಾರ್ಯನಿರ್ವಹಿಸಿತು ಮತ್ತು ಏಕೆ ಮುರಿದುಬಿತ್ತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

1959ರ ಕಾಯಿದೆಯು ಚುನಾಯಿತ ತಾಲ್ಲೂಕು ಬೋರ್ಡುಗಳನ್ನು ರಚಿಸಿತಾದರೂ ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಮಂಡಳಿಯನ್ನೇ ಇರಿಸಿತು. ಈ ಕೊರತೆಯನ್ನು ತುಂಬಿದುದು ರಾಮಕೃಷ್ಣ ಹೆಗಡೆಯವರ ಸರ್ಕಾರದ 1983ರ ಶಾಸನ. ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್‌ಸಾಬ್ ಅದರ ಶಿಲ್ಪಿ. ರಾಷ್ಟ್ರಪತಿಗಳ ಅಂಕಿತ ದೊರೆತು ಶಾಸನ ಜಾರಿಯಾದದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ ನಡೆದು, ಏಪ್ರಿಲ್‌ನಿಂದ ಜಿಲ್ಲಾ ಪರಿಷತ್ತುಗಳು ಕಾರ್ಯಾರಂಭ ಮಾಡಿದವು. ಮಹಿಳೆಯರಿಗೆ ಶೇ. 25 ಸ್ಥಾನಗಳು ಮೀಸಲಾಗಿದ್ದವು.

ಈ ವ್ಯವಸ್ಥೆಯ ತಿರುಳು ಅಧಿಕಾರದ ಶ್ರೇಣಿಯಲ್ಲಿತ್ತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಜಿಲ್ಲಾಧಿಕಾರಿಗಿಂತ ಹಿರಿಯರಾದ ಐ.ಎ.ಎಸ್. ಅಧಿಕಾರಿಯು ಅವರ ಅಧೀನದಲ್ಲಿ ಮುಖ್ಯ ಕಾರ್ಯದರ್ಶಿಯಾದರು. ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಗ್ರಾಮೀಣ ರಸ್ತೆ ಮೊದಲಾದ ವಿಷಯಗಳು ಸಿಬ್ಬಂದಿ ಸಮೇತ ಪರಿಷತ್ತಿಗೆ ಬಂದವು. ಗ್ರಾಮಗಳ ಗುಂಪಿಗೆ ಮಂಡಲ ಪಂಚಾಯಿತಿ ಇತ್ತು. ಶಾಲೆಗೆ ಬಾರದ ಶಿಕ್ಷಕರ ಬಗ್ಗೆ, ಕೆಟ್ಟ ಕೊಳವೆಬಾವಿಯ ಬಗ್ಗೆ ದೂರು ಹೇಳಲು ಬೆಂಗಳೂರಿನವರೆಗೆ ಹೋಗಬೇಕಾಗಿರಲಿಲ್ಲ. ಕರ್ನಾಟಕವನ್ನು ಬಾಂಗ್ಲಾದೇಶ, ಘಾನಾ ಮತ್ತು ಐವರಿಕೋಸ್ಟ್‌ಗಳೊಂದಿಗೆ ಹೋಲಿಸಿದ ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ ಅವರ 1998ರ ಅಧ್ಯಯನವು ಈ ನಾಲ್ಕರಲ್ಲಿ ಇಲ್ಲಿನ ಪ್ರಯೋಗವೇ ಹೆಚ್ಚು ಯಶಸ್ವಿಯೆಂದು ಕಂಡುಕೊಂಡಿತು.

ಆದರೂ ಬಿರುಕುಗಳು ಮೊದಲಿನಿಂದಲೇ ಇದ್ದವು. ಪರಿಷತ್ತುಗಳಿಗೆ ಸ್ವಂತ ತೆರಿಗೆಯ ಅಧಿಕಾರವಿರಲಿಲ್ಲ. ಅನುದಾನದ ಬಹುಪಾಲು ಸಂಬಳಕ್ಕೂ ಮೇಲಿನಿಂದಲೇ ನಿಗದಿಯಾದ ಯೋಜನೆಗಳಿಗೂ ಮೀಸಲಾಗಿತ್ತು. ಕೆಲಸ ಮಾಡುವ ಅಧಿಕಾರಿಯ ಬಡ್ತಿ ಮಾತೃ ಇಲಾಖೆಯ ಕೈಯಲ್ಲಿದ್ದುದರಿಂದ ಅವನ ನಿಷ್ಠೆ ಎರಡು ಕಡೆ ಹಂಚಿಹೋಯಿತು. ವರ್ಗಾವಣೆ, ಕಾಮಗಾರಿಗಳ ಮೇಲಿದ್ದ ಹಿಡಿತ ಸಡಿಲಗೊಂಡ ಶಾಸಕರಿಗೆ ಪರಿಷತ್ತು ಪ್ರತಿಸ್ಪರ್ಧಿಯಾಗಿ ಕಂಡಿತು. 1988ರಲ್ಲಿ ನಜೀರ್‌ಸಾಬ್ ನಿಧನರಾದರು. 1989ರಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದಾಗ ಹಲವು ಪರಿಷತ್ತುಗಳು ಜನತಾ ಪಕ್ಷದವರ ಹಿಡಿತದಲ್ಲಿದ್ದವು.

ಪರಿಷತ್ತುಗಳ ಅಂತ್ಯದ ವಿಧಾನ ಗಮನಾರ್ಹವಾದುದು. ಶಾಸನವನ್ನು ಯಾರೂ ರದ್ದುಪಡಿಸಲಿಲ್ಲ. 1992ರಲ್ಲಿ ಐದು ವರ್ಷಗಳ ಅವಧಿ ಮುಗಿಯಿತು, ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಜನಪ್ರತಿನಿಧಿಯ ಕುರ್ಚಿಯನ್ನು ಬರಿದಾಗಿಸಲು ಅಷ್ಟೇ ಸಾಕಾಯಿತು. ಜಿಲ್ಲಾ ಮಟ್ಟದಲ್ಲಿ ಮತ್ತೆ ಚುನಾವಣೆ ನಡೆದದ್ದು 1995ರಲ್ಲಿ, ಹೊಸದಾದ 1993ರ ಪಂಚಾಯತ್ ರಾಜ್ ಅಧಿನಿಯಮದನ್ವಯ.

ಸಂವಿಧಾನದ 73ನೆಯ ತಿದ್ದುಪಡಿಯು ಈ ಬಾಗಿಲನ್ನು ಮುಚ್ಚಬಯಸಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಪೂರ್ಣಗೊಳ್ಳಬೇಕೆಂದು ವಿಧಿಸಿ, ಅದರ ಹೊಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿತು. ಆದರೆ 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದಾಗ ಕ್ಷೇತ್ರ ಪುನರ್ವಿಂಗಡಣೆ ಹಾಗೂ ಮೀಸಲಾತಿಯ ನಿರ್ಣಯವನ್ನು ಆಯೋಗದಿಂದ ಹಿಂಪಡೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಒಪ್ಪಿಸಲಾಯಿತು. 2024ರ ಅಂತ್ಯದವರೆಗೂ ಆ ಚುನಾವಣೆಗಳು ನಡೆಯಲಿಲ್ಲ. ಮುಖ್ಯ ಬಾಗಿಲಿಗೆ ಬೀಗ ಬಿದ್ದರೂ ಹಿತ್ತಿಲ ಬಾಗಿಲು ತೆರೆದೇ ಇತ್ತು.

ವಿಕೇಂದ್ರೀಕರಣದ ವೈಫಲ್ಯಕ್ಕೆ ಗ್ರಾಮೀಣರ ಅನನುಭವವನ್ನೋ ಜಾತಿ ಬಣಗಳನ್ನೋ ಕಾರಣವಾಗಿ ಹೇಳುವುದು ವಾಡಿಕೆ. ಆ ದೋಷಗಳು ಇಲ್ಲದಿರಲಿಲ್ಲ. ಆದರೆ 1992ರಲ್ಲಿ ವ್ಯವಸ್ಥೆ ಕುಸಿದುದು ಅವುಗಳಿಂದಲ್ಲ. ಅಧಿಕಾರವನ್ನು ಕೊಟ್ಟವರು ಹಣ, ಸಿಬ್ಬಂದಿ ಹಾಗೂ ಚುನಾವಣೆಯ ದಿನಾಂಕ ಈ ಮೂರರ ಕೀಲಿಕೈಯನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರು. ಹೀಗೆ ಕೊಟ್ಟ ಅಧಿಕಾರವು ಹಕ್ಕಾಗದೆ ಸಾಲವಾಗಿಯೇ ಉಳಿಯಿತು. ಸಾಲಗಾರ ಬದಲಾಗದಿದ್ದರೂ ಸಾಲಿಗ ಬದಲಾದೊಡನೆ ಅದನ್ನು ಹಿಂಪಡೆಯಲಾಯಿತು.