ಜಿಂಕೆಗೆ ಎಷ್ಟು ದಪ್ಪದ ಗುಂಡು?

ಪದವಿ ತರಗತಿಯಲ್ಲಿ ನೀವು ಈ ಲೆಕ್ಕವನ್ನು ಮಾಡಿಯೇ ಇರುತ್ತೀರಿ. ತೂಗುಬಿಟ್ಟ ಮರದ ದಿಮ್ಮಿಗೆ ಗುಂಡೊಂದು ಬಡಿದು ಒಳಗೇ ಉಳಿಯುತ್ತದೆ. ದಿಮ್ಮಿ ಎಷ್ಟು ಮೇಲಕ್ಕೆ ತೂಗಿತು ಎಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯಬೇಕು. ಇದೇ ಬ್ಯಾಲಿಸ್ಟಿಕ್ ಲೋಲಕ. ಹಿಂದೊಮ್ಮೆ ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿದಾಗ ಒಬ್ಬ ವಿದ್ಯಾರ್ಥಿ, "ಸಾರ್, ದಿಮ್ಮಿಯೇ ಇಷ್ಟು ಕಡಿಮೆ ಅಲುಗಿದರೆ, ಗುಂಡು ತಗುಲಿದ ಜಿಂಕೆ ಸಿನಿಮಾದಲ್ಲಿ ಎಗರಿ ಬೀಳುವುದು ಹೇಗೆ?" ಎಂದು ಕೇಳಿದ. ಎಗರಿ ಬೀಳುವುದಿಲ್ಲ ಎಂಬುದೇ ಉತ್ತರ. ಸುಮಾರು 6.5 ಗ್ರಾಂ ತೂಕದ ಗುಂಡು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಬಂದರೆ ಅದರ ಸಂವೇಗ 5.8 ಕಿ.ಗ್ರಾಂ ಮೀಟರ್/ಸೆಕೆಂಡ್. ಅದನ್ನೆಲ್ಲ 100 ಕಿ.ಗ್ರಾಂ ತೂಕದ ಜಿಂಕೆಗೆ ಕೊಟ್ಟರೂ ಜಿಂಕೆಗೆ ಬರುವ ವೇಗ ಸೆಕೆಂಡಿಗೆ 6 ಸೆಂಟಿಮೀಟರ್ ಮಾತ್ರ!

ಹಾಗಾದರೆ ಜಿಂಕೆಯನ್ನು ಕೊಲ್ಲುವುದು ಯಾವುದು? ಅದು ನರಳದೆ ಸಾಯಬೇಕಾದರೆ ಎಷ್ಟು ದಪ್ಪದ, ಎಷ್ಟು ವೇಗದ ಗುಂಡು ಬೇಕು? ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಿಂಕೆಯ ಬೇಟೆಯನ್ನು ನಿಷೇಧಿಸಿದೆ. ಬಂಡೀಪುರದ ಜಿಂಕೆಗಳ ಸಂಖ್ಯೆಯನ್ನು ಹುಲಿಯೂ ಸೀಳುನಾಯಿಯೂ ನೋಡಿಕೊಳ್ಳುತ್ತವೆ. ಆದರೆ ತೋಳಗಳು ಶತಮಾನಗಳ ಹಿಂದೆಯೇ ಅಳಿದುಹೋದ ಬ್ರಿಟನ್ನಿನಲ್ಲಿ ಆ ಕೆಲಸ ಮನುಷ್ಯನ ಪಾಲಿಗೆ ಬಂದಿದೆ. ಅಲ್ಲಿ ಈ ಪ್ರಶ್ನೆಗೆ ಕಾನೂನೇ ಅಂಕಿಗಳಲ್ಲಿ ಉತ್ತರ ಹೇಳುತ್ತದೆ. ಆ ಅಂಕಿಗಳ ಹಿಂದಿನ ಕಥೆಯಲ್ಲಿ ಭಾರತಕ್ಕೂ ಪಾಲಿದೆ.

ಬ್ಯಾಲಿಸ್ಟಿಕ್ ಲೋಲಕವನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಗುಂಡಿನ ವೇಗ ಮೊದಲ ಬಾರಿಗೆ ನಂಬಬಹುದಾದ ರೀತಿಯಲ್ಲಿ ಅಳೆಯಲ್ಪಟ್ಟಿತು. ವೇಗವಾಗಿ ಹೋಗುವ ಗುಂಡಿಗೆ ಗಾಳಿ ಒಡ್ಡುವ ತಡೆ, ಆಗ ಎಲ್ಲರೂ ಭಾವಿಸಿದ್ದಕ್ಕಿಂತ ಬಹಳ ಹೆಚ್ಚು ಎಂಬುದೂ ತಿಳಿಯಿತು. ಆಯ್ಲರ್‌ನಂಥ ಮೇಧಾವಿ ಅದನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದು ಟಿಪ್ಪಣಿ ಬರೆದ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದ ರಾಬಿನ್ಸ್ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ನಮ್ಮ ಪಠ್ಯಪುಸ್ತಕಗಳು ಅವನ ಲೋಲಕವನ್ನು ಉಳಿಸಿಕೊಂಡು ಹೆಸರನ್ನು ಬಿಟ್ಟಿವೆ.

ರಾಬಿನ್ಸ್‌ನ ನಂತರವೂ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಟೆಗಾರರ ಸೂತ್ರ ಸರಳವಾಗಿತ್ತು: ದೊಡ್ಡ ಪ್ರಾಣಿಗೆ ದೊಡ್ಡ ಗುಂಡು. ಕರಿಮದ್ದಿನಿಂದ ಸಿಗುವ ವೇಗಕ್ಕೆ ಮಿತಿ ಇತ್ತು. ಆದ್ದರಿಂದ ಗಾಯವನ್ನು ಹಿರಿದು ಮಾಡಬೇಕಾದರೆ ಗುಂಡನ್ನೇ ದಪ್ಪ ಮಾಡಬೇಕಿತ್ತು. ಮಧ್ಯಭಾರತದ ಕಾಡುಗಳಲ್ಲಿ ಅಲೆದ ಸೇನಾಧಿಕಾರಿ ಜೇಮ್ಸ್ ಫಾರ್ಸೈತ್ 1860ರ ದಶಕದ ಆರಂಭದಲ್ಲಿ ರೈಫಲ್ಲಿನ ಬಗ್ಗೆ ಪುಸ್ತಕವನ್ನೇ ಬರೆದು, ಹತ್ತಿರದಿಂದ ಹೊಡೆಯಲು ದೊಡ್ಡ ಸೀಸದ ಉಂಡೆಯೇ ಮೇಲು ಎಂದು ವಾದಿಸಿದ. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಬೇರೆ ದಾರಿ ತೆರೆದಿತ್ತು. ಲಂಡನ್ನಿನ ಪರ್ಡಿ 1856ರಲ್ಲಿ, ಎಕ್ಸ್‌ಪ್ರೆಸ್ ರೈಲಿನ ಹೆಸರಿಟ್ಟು, ಹಗುರವಾದ ಗುಂಡನ್ನು ಹೆಚ್ಚು ಮದ್ದಿನಿಂದ ವೇಗವಾಗಿ ಹಾರಿಸುವ ಕೋವಿಯನ್ನು ತಯಾರಿಸಿದ. ಇಂಥ ಕೋವಿಗಳಿಗೆ ಮೂತಿಯಲ್ಲಿ ಕುಳಿಯಿದ್ದ ಸೀಸದ ಗುಂಡು ಬಳಕೆಗೆ ಬಂತು. ಅದು ಮಾಂಸದೊಳಗೆ ಹೊಕ್ಕೊಡನೆ ಅಣಬೆಯಂತೆ ಅರಳುತ್ತಿತ್ತು. ಜಿಂಕೆಗೆ ಇದು ಚೆನ್ನಾಗಿಯೇ ಹೊಂದಿತು. ಆದರೆ ಗುಂಡು ಅತಿ ಮೆತ್ತಗಿದ್ದರೆ ಭುಜದ ಮೂಳೆಗೆ ತಗುಲಿ ಚೂರಾಗಿ ಮೇಲುಗಾಯವನ್ನಷ್ಟೇ ಮಾಡುತ್ತಿತ್ತು. ಗಾಯಗೊಂಡ ಪ್ರಾಣಿ ಓಡಿಹೋಗಿ ದಿನಗಟ್ಟಲೆ ನರಳಿ ಸಾಯುತ್ತಿತ್ತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆರಹಿತ ಮದ್ದನ್ನು ಕಂಡುಹಿಡಿದ ಮೇಲೆ ಲೆಕ್ಕವೇ ಬದಲಾಯಿತು. ಇಲ್ಲಿ ಸ್ವಲ್ಪ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಬ್ರಿಟಿಷ್ ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಕೋವಿಯ ಗುಂಡು 0.45 ಅಂಗುಲ ದಪ್ಪ, 31 ಗ್ರಾಂ ತೂಕ. ವೇಗ ಸೆಕೆಂಡಿಗೆ ಸುಮಾರು 410 ಮೀಟರ್. ಅದರ ನಂತರ ಬಂದ 0.303 ಅಂಗುಲದ ರೈಫಲ್ಲಿನ ಗುಂಡು 14 ಗ್ರಾಂ. ವೇಗ ಸುಮಾರು 600 ಮೀಟರ್. ಎರಡರ ಚಲನಶಕ್ತಿಯನ್ನೂ ಲೆಕ್ಕ ಹಾಕಿ. ಮೊದಲನೆಯದಕ್ಕೆ ಸುಮಾರು 2600 ಜೂಲ್, ಎರಡನೆಯದಕ್ಕೆ ಸುಮಾರು 2500. ಬಹುಮಟ್ಟಿಗೆ ಒಂದೇ! ಆದರೂ 1895ರ ಚಿತ್ರಾಲ್ ಕಾರ್ಯಾಚರಣೆಯಲ್ಲಿ, ಹೊಸ ಗುಂಡು ತಗುಲಿದವರು ನಿಲ್ಲದೆ ಮುನ್ನುಗ್ಗುತ್ತಾರೆ ಎಂಬ ದೂರು ಸೈನಿಕರಿಂದ ಬಂತು.

ಶಕ್ತಿ ಅಷ್ಟೇ ಇದ್ದರೂ ಪರಿಣಾಮ ಬೇರೆಯಾದದ್ದೇಕೆ? ಹೊಸ ಗುಂಡಿಗೆ ಗಟ್ಟಿ ಲೋಹದ ಕವಚವಿತ್ತು. ಅದು ಅರಳದೆ, ಸಣ್ಣ ರಂಧ್ರ ಕೊರೆದು ಆಚೆ ಬದಿಯಿಂದ ಹೊರಟುಹೋಗುತ್ತಿತ್ತು. 500 ಮೀಟರ್ ವೇಗದಲ್ಲಿ ಒಳಹೊಕ್ಕು 400 ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ತನ್ನ ಶಕ್ತಿಯ ಶೇಕಡ 36ನ್ನು ಮಾತ್ರ ದೇಹದಲ್ಲಿ ಬಿಟ್ಟುಹೋಗುತ್ತದೆ. ಉಳಿದ 64 ಹಿಂದಿನ ಮರಕ್ಕೆ! ಕಲ್ಕತ್ತೆಯ ಬಳಿಯ ಡಮ್ ಡಮ್ ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಇದಕ್ಕೆ ಉಪಾಯ ಹುಡುಕಿದ. ಕವಚವನ್ನು ಮೂತಿಯ ಬಳಿ ಬಿಟ್ಟುಕೊಟ್ಟು ಒಳಗಿನ ಸೀಸ ಹೊರಗೆ ಕಾಣುವಂತೆ ಮಾಡಿದ. ಮೂತಿ ಅರಳುತ್ತದೆ, ಬುಡ ಗಟ್ಟಿಯಾಗಿ ಉಳಿಯುತ್ತದೆ. ಊರಿನ ಹೆಸರೇ ಆ ಗುಂಡಿಗೂ ಅಂಟಿಕೊಂಡಿತು.

ಮನುಷ್ಯನ ಮೇಲೆ ಇಂಥ ಗುಂಡು ಮಾಡುವ ಗಾಯವನ್ನು ಕಂಡು ಜಗತ್ತು ಬೆಚ್ಚಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅರಳುವ ಗುಂಡನ್ನು ನಿಷೇಧಿಸಿತು. ಆದರೆ ಜಿಂಕೆಯ ವಿಷಯದಲ್ಲಿ ಕಾನೂನು ನೇರ ಇದಕ್ಕೆ ವಿರುದ್ಧವಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸಿದ 1963ರ ಜಿಂಕೆ ಕಾಯಿದೆಯ ಪ್ರಕಾರ ರೈಫಲ್ಲಿನ ಕ್ಯಾಲಿಬರ್, ಅಂದರೆ ನಳಿಕೆಯ ಒಳವ್ಯಾಸ, 0.240 ಅಂಗುಲಕ್ಕೆ ಕಡಿಮೆಯಿರಬಾರದು. ನಳಿಕೆಯ ಬಾಯಲ್ಲಿ ಗುಂಡಿನ ಶಕ್ತಿ 1700 ಅಡಿ-ಪೌಂಡ್, ಅಂದರೆ ಸುಮಾರು 2305 ಜೂಲ್ ಇರಬೇಕು. ಜೊತೆಗೆ ಗುಂಡಿನ ಮೂತಿ ಮೆತ್ತಗಿರಬೇಕು ಅಥವಾ ಟೊಳ್ಳಾಗಿರಬೇಕು. ಸೈನಿಕನಿಗೆ ನಿಷಿದ್ಧವಾದದ್ದು ಜಿಂಕೆಗೆ ಕಡ್ಡಾಯ! ಇದು ವಿಚಿತ್ರವಾಗಿ ಕಂಡರೂ ಅರ್ಥವಿದೆ. ಗಾಯಗೊಂಡ ಸೈನಿಕನನ್ನು ಉಳಿಸುವ ಆಸ್ಪತ್ರೆ ಇದೆ. ಗಾಯಗೊಂಡ ಜಿಂಕೆಗೆ ಪೊದೆ ಮಾತ್ರ. ಹೃದಯ ಮತ್ತು ಶ್ವಾಸಕೋಶ ಒಡೆದರೆ ರಕ್ತದೊತ್ತಡ ಕುಸಿದು ಮಿದುಳಿಗೆ ರಕ್ತ ನಿಂತು, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಈ ವ್ಯತ್ಯಾಸವನ್ನು ಅಳೆದವರೂ ಇದ್ದಾರೆ. ಕೇಂಬ್ರಿಜ್‌ನ ಪ್ಯಾಟ್ರಿಕ್ ಬೇಟ್ಸನ್ 1997ರ ವರದಿಯಲ್ಲಿ, ನಾಯಿಗಳು ಅಟ್ಟಿಸಿಕೊಂಡು ಹೋಗಿ ಕೊಲ್ಲಿಸಿದ ಜಿಂಕೆಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು, ಒಂದೇ ಗುಂಡಿಗೆ ಸತ್ತವುಗಳಲ್ಲಿದ್ದುದಕ್ಕಿಂತ ಬಹಳ ಹೆಚ್ಚಿದ್ದುದನ್ನು ತೋರಿಸಿದರು.

ಸ್ಕಾಟ್ಲೆಂಡಿನ 1985ರ ಆದೇಶ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದು ಒಳ್ಳೆಯ ಪರೀಕ್ಷಾ ಪ್ರಶ್ನೆ. ಅದು ಕ್ಯಾಲಿಬರನ್ನೇ ಹೇಳುವುದಿಲ್ಲ. ಗುಂಡು ಕನಿಷ್ಠ 100 ಗ್ರೇನ್ (6.48 ಗ್ರಾಂ), ವೇಗ ಕನಿಷ್ಠ ಸೆಕೆಂಡಿಗೆ 2450 ಅಡಿ (747 ಮೀಟರ್), ಶಕ್ತಿ ಕನಿಷ್ಠ 1750 ಅಡಿ-ಪೌಂಡ್ (2373 ಜೂಲ್), ಮತ್ತು ಅರಳುವ ಗುಂಡು. ಮೊದಲೆರಡು ಕನಿಷ್ಠಗಳನ್ನು ಮಾತ್ರ ಪೂರೈಸಿದರೆ ಶಕ್ತಿ ಎಷ್ಟಾಗುತ್ತದೆ? 1808 ಜೂಲ್, ಸಾಲದು. ಹಗುರ ಗುಂಡಾದರೆ ವೇಗ 856 ಮೀಟರಿಗೆ ಏರಬೇಕು.

ಆದರೂ ಇವೆಲ್ಲ ನಳಿಕೆಯ ಬಾಯಲ್ಲಿ ಇರುವ ಅಂಕಿಗಳು, ಜಿಂಕೆಯ ಪಕ್ಕೆಯಲ್ಲಿ ಇರುವವಲ್ಲ. ರಾಬಿನ್ಸ್ ಅಳೆದ ಗಾಳಿಯ ತಡೆ ಇಲ್ಲಿ ಮತ್ತೆ ಬರುತ್ತದೆ. 0.243 ಅಂಗುಲದ ರೈಫಲ್ಲಿನ 100 ಗ್ರೇನ್ ಗುಂಡು 200 ಗಜ ಹೋಗುವಷ್ಟರಲ್ಲಿ ತನ್ನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಕಳೆದುಕೊಂಡಿರುತ್ತದೆ.

ಹಾಗಾದರೆ ಇನ್ನೂ ದೊಡ್ಡ ಕೋವಿಯನ್ನೇ ಹಿಡಿಯಬಾರದೇಕೆ ಎಂದು ನೀವು ಕೇಳಬಹುದು. ಸಂವೇಗ ಸಂರಕ್ಷಣೆ ಬೇಟೆಗಾರನ ಭುಜಕ್ಕೂ ಅನ್ವಯಿಸುತ್ತದೆ. ಒದೆತದ ಭಯದಿಂದ ಕುದುರೆ ಎಳೆಯುವ ಕ್ಷಣದಲ್ಲಿ ಬೆರಳು ನಡುಗಿದರೆ, ಒಂದು ಗೇಣು ಅಗಲದ ಹೃದಯ-ಶ್ವಾಸಕೋಶದ ಜಾಗ ತಪ್ಪಿ ಗುಂಡು ಹೊಟ್ಟೆಗೆ ಬೀಳುತ್ತದೆ. ಅಲ್ಲಿ 2000 ಜೂಲ್ ಆದರೂ 4000 ಜೂಲ್ ಆದರೂ ಪ್ರಾಣಿ ನರಳುವುದೇ. ಸಣ್ಣ ಪ್ರಾಣಿಗೆ ಕಡಿಮೆ ಸಾಕು ಎಂಬುದನ್ನೂ ಕಾನೂನು ಒಪ್ಪಿದೆ. ನಮ್ಮ ಕಾಡುಕುರಿಯ ಚೀನೀ ಬಂಧು ಇಂಗ್ಲೆಂಡಿನಲ್ಲಿ ಹಬ್ಬಿರುವುದರಿಂದ, ಅದರಂಥ ಪುಟ್ಟ ಜಿಂಕೆಗಳಿಗೆ 2007ರಲ್ಲಿ ಮಿತಿಯನ್ನು 0.220 ಅಂಗುಲ ಮತ್ತು 1000 ಅಡಿ-ಪೌಂಡ್‌ಗೆ ಇಳಿಸಲಾಯಿತು.

2023ರಲ್ಲಿ ಸ್ಕಾಟ್ಲೆಂಡ್ ತನ್ನ 100 ಗ್ರೇನಿನ ಮಿತಿಯನ್ನು 80ಕ್ಕೆ ತಂದಿತು. ಕಾರಣ ಸಾಂದ್ರತೆ. ಸೀಸದ ಚೂರುಗಳು ಮಾಂಸವನ್ನು ತಿನ್ನುವ ಹದ್ದುಗಳಿಗೂ ಮನುಷ್ಯರಿಗೂ ವಿಷವಾದ್ದರಿಂದ ತಾಮ್ರದ ಗುಂಡು ಬರುತ್ತಿದೆ. ಸೀಸದ ಸಾಂದ್ರತೆ 11.3, ತಾಮ್ರದ್ದು 8.9. ಅದೇ ಗಾತ್ರದ ತಾಮ್ರದ ಗುಂಡು ಸೀಸದ್ದಕ್ಕಿಂತ ಎಷ್ಟು ಹಗುರ, 80 ಗ್ರೇನಿನ ಗುಂಡು 2373 ಜೂಲ್ ಮುಟ್ಟಲು ಯಾವ ವೇಗ ಬೇಕು ಎಂಬುದನ್ನು ನೀವೇ ಲೆಕ್ಕ ಮಾಡಿ ನೋಡಿ.