ಸೈನಿಕರ ಕೊರಳಪಟ್ಟಿಯೂ ಒಡೆದ ಧಮನಿಯೂ

ಧಮನಿಯ ಗೋಡೆ ಎಲ್ಲಿಯಾದರೂ ಬಲಗುಂದಿದರೆ, ಒಳಗಿನ ರಕ್ತದ ಒತ್ತಡಕ್ಕೆ ಅದು ಚೀಲದಂತೆ ಉಬ್ಬಿಕೊಳ್ಳುತ್ತದೆ. ಇದಕ್ಕೆ ವೈದ್ಯರು ಅನ್ಯೂರಿಸಂ ಎನ್ನುತ್ತಾರೆ. ಉಬ್ಬು ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ಒಡೆದರೆ ಬಹುಪಾಲು ಮರಣವೇ. ಆದುದರಿಂದ ಇದರ ಚರಿತ್ರೆ ಬಹುಕಾಲ ಶವಪರೀಕ್ಷೆಯ ಮೇಜಿನ ಮೇಲೆಯೇ ಬೆಳೆಯಿತು.

ರೋಮಿನ ವೈದ್ಯ ಲಾನ್‌ಚೀಸಿಯ ಗ್ರಂಥ ಅವನು ತೀರಿಕೊಂಡ ಎಂಟು ವರ್ಷಗಳ ಮೇಲೆ, 1728ರಲ್ಲಿ ಅಚ್ಚಾಯಿತು. ಈ ಉಬ್ಬಿಗೂ ಪರಂಗಿ ಹುಣ್ಣೆನಿಸಿದ ಸಿಫಿಲಿಸ್‌ಗೂ ನಂಟಿದೆಯೆಂಬ ಸಂದೇಹವನ್ನು ಅವನು ಅದರಲ್ಲಿ ಸೂಚಿಸಿದ್ದ. 1761ರಲ್ಲಿ ಪಡುವಾದ ಮೋರ್ಗಾನ್ಯಿ, ತನ್ನ 79ನೆಯ ವಯಸ್ಸಿನಲ್ಲಿ, ಸುಮಾರು 700 ಶವಪರೀಕ್ಷೆಗಳ ವಿವರವನ್ನು ಪ್ರಕಟಿಸಿದ. ದೇಹರಸಗಳ ಏರುಪೇರೇ ರೋಗವೆಂದು ನಂಬಿದ್ದವರ ನಡುವೆ, ರೋಗ ಯಾವ ಅಂಗದಲ್ಲಿ ನೆಲೆಸಿದೆ ಎಂದು ಕೇಳಿದ್ದು ಅವನ ಹಿರಿಮೆ.

ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೈನ್ಯವನ್ನು ಕಾಡಿತು. ಇನ್ನೂ ಪ್ರಾಯದಲ್ಲಿದ್ದ ಸಿಪಾಯಿಗಳು ಎದೆಯ ಮಹಾಧಮನಿ ಒಡೆದು ಸಾಯುತ್ತಿದ್ದರು. 1870ರಲ್ಲಿ ಮೈಯರ್ಸ್ ಎಂಬ ಸೈನ್ಯವೈದ್ಯ ಬಿಗಿಯಾದ ಕೊರಳಪಟ್ಟಿಯನ್ನೂ ಸಮವಸ್ತ್ರವನ್ನೂ ದೂರಿದ. ಆ ವಾದ ಒಪ್ಪಲು ಹಿತವಾಗಿತ್ತು. ಅಂಗಿಯನ್ನು ದರ್ಜಿ ಸಡಿಲಿಸಿಯಾನು. ಆದರೆ 1876ರಲ್ಲಿ ಪ್ರಕಟವಾದ ಲೇಖನದಲ್ಲಿ ಫ್ರಾನ್ಸಿಸ್ ವೆಲ್ಚ್, ನೆಟ್ಲಿಯ ಸೈನಿಕ ಆಸ್ಪತ್ರೆಯ ಶವಗಳ ಆಧಾರದಿಂದ, ಮುಖ್ಯ ಕಾರಣ ಸಿಫಿಲಿಸ್ ಎಂದ. ಮಾನಮರ್ಯಾದೆಯ ಸಮಾಜಕ್ಕೆ ಅದು ಕೇಳಬಾರದ ಮಾತಾಗಿತ್ತು. 1905ರಲ್ಲಿ ಬರ್ಲಿನ್ನಿನಲ್ಲಿ ಆ ರೋಗದ ಜೀವಾಣು ಪತ್ತೆಯಾಯಿತು. ಮರುವರ್ಷ ಮಹಾಧಮನಿಯ ಗೋಡೆಯಲ್ಲಿಯೇ ಅದು ಕಂಡುಬಂದಿತು. ಗೋಡೆಯನ್ನು ಪೋಷಿಸುವ ಕಿರುನಾಳಗಳು ರೋಗದಿಂದ ಮುಚ್ಚಿಹೋಗಿ, ನಡುಪದರದ ಸ್ಥಿತಿಸ್ಥಾಪಕ ಎಳೆಗಳು ನಾಶವಾಗುತ್ತಿದ್ದವು.

1943ರಿಂದ ಸಿಫಿಲಿಸ್‌ಗೆ ಪೆನಿಸಿಲಿನ್ ಚಿಕಿತ್ಸೆ ದೊರೆಯತೊಡಗಿದ ಮೇಲೆ ಶವಪರೀಕ್ಷೆಯ ಚಿತ್ರವೇ ಬದಲಾಯಿತು. ಸಿಫಿಲಿಸ್ಸಿನ ಎದೆಯ ಉಬ್ಬುಗಳು ವಿರಳವಾದವು. ಹೊಟ್ಟೆಯ ಮಹಾಧಮನಿಯ ಉಬ್ಬುಗಳು ಮುಂದೆ ಬಂದವು. ಮೂತ್ರಪಿಂಡಗಳ ಧಮನಿಗಳಿಂದ ಕೆಳಗೆ, ವಯಸ್ಸಾದ ಗಂಡಸರಲ್ಲಿ, ಅದರಲ್ಲಿಯೂ ಧೂಮಪಾನಿಗಳಲ್ಲಿ ಅವು ಹೆಚ್ಚು. ಮಿದುಳಿನ ತಳದ ಉಬ್ಬುಗಳ ರೀತಿ ಬೇರೆ: ಅವು ಹುಟ್ಟುವುದು ಧಮನಿಗಳು ಕವಲೊಡೆಯುವ ಸಂದುಗಳಲ್ಲಿ.

ಐನ್‌ಸ್ಟೈನರನ್ನು ಕೊಂದದ್ದೂ ಹೊಟ್ಟೆಯ ಉಬ್ಬೇ. 1948ರಲ್ಲಿ ಶಸ್ತ್ರವೈದ್ಯ ನಿಸ್ಸೆನ್ ಅದಕ್ಕೆ ಸೆಲ್ಲೋಫೇನ್ ಸುತ್ತಿ ಗೋಡೆಯನ್ನು ಬಲಪಡಿಸಿದ. 1955ರಲ್ಲಿ ಅದು ಒಡೆದಾಗ ಐನ್‌ಸ್ಟೈನರು ಮತ್ತೊಂದು ಶಸ್ತ್ರಕ್ರಿಯೆ ಬೇಡವೆಂದರು. ಏಪ್ರಿಲ್ 18ರಂದು ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು. ಶವಪರೀಕ್ಷೆ ಕಾರಣವನ್ನು ದೃಢಪಡಿಸಿತು.

ಇಂದು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಹೊಟ್ಟೆಯ ಉಬ್ಬು ಒಡೆಯುವ ಮೊದಲೇ ಕಾಣುತ್ತದೆ. ಎಲ್ಲಿ, ಯಾರಲ್ಲಿ ಹುಡುಕಬೇಕೆಂದು ನಮಗೆ ತಿಳಿದಿದ್ದರೆ, ಆ ಋಣ ಹೆಸರಿಲ್ಲದ ಆ ಸಿಪಾಯಿಗಳಿಗೂ ಅವರಂಥ ಎಷ್ಟೋ ಮಂದಿಗೂ ಸಲ್ಲಬೇಕು.