ಕೆಂಗೇರಿಯ ರೇಷ್ಮೆ ಮತ್ತು ತಬ್ಬಲಿ ಹುಳು

ಕರು ಎಷ್ಟು ದಿನಕ್ಕೆ ತಾಯಿಯನ್ನು ಬಿಟ್ಟು ಬದುಕೀತು, ನಾಯಿಮರಿ ಎಷ್ಟು ವಾರಕ್ಕೆ ಎಂದು ಲೆಕ್ಕ ಹಾಕುವವರ ಮುಂದೆ ರೇಷ್ಮೆ ಹುಳುವನ್ನು ಇಟ್ಟರೆ ಲೆಕ್ಕವೇ ತಲೆಕೆಳಗಾಗುತ್ತದೆ. ರೇಷ್ಮೆ ಚಿಟ್ಟೆ ಏನನ್ನೂ ತಿನ್ನುವುದಿಲ್ಲ. ನಾನೂರರ ಆಸುಪಾಸು ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಮೈಸೂರು ತಳಿಯ ಮೊಟ್ಟೆ ಒಡೆಯಲು ಸುಮಾರು 10 ದಿನ ಬೇಕು; ಇರುವೆಯಷ್ಟೇ ಗಾತ್ರದ ಕಪ್ಪು ಮರಿ ಹೊರಬರುವ ಹೊತ್ತಿಗೆ ತಾಯಿಯ ಗುರುತೂ ಉಳಿದಿರುವುದಿಲ್ಲ. ಹುಟ್ಟುತ್ತಲೇ ತಬ್ಬಲಿ, ಆದರೂ ಹಿಪ್ಪುನೇರಳೆ ಸೊಪ್ಪು ಸಿಕ್ಕರೆ ಬದುಕುತ್ತದೆ. ಈ ಹುಳುವಿಗೆ ತಾಯಿಯ ಹಂಗೇ ಇಲ್ಲ ಎಂದುಬಿಡಬಹುದಿತ್ತು, ಕೆಂಗೇರಿಯ ಹಳೆಯ ಕಥೆಯೊಂದು ಅಡ್ಡ ಬರದಿದ್ದರೆ.

ಮೆಟ್ರೋ, ಉಪನಗರ, ಮೈಸೂರು ರಸ್ತೆಯ ದಟ್ಟಣೆಗೆ ಹೆಸರಾದ ಈ ಊರು ಹಿಂದೆ ರೇಷ್ಮೆಯ ಊರು. ಮೈಸೂರು ಸೀಮೆಯಲ್ಲಿ ಹುಳುಗಳು ಸಾಯತೊಡಗಿದ ಕಾಲದಲ್ಲಿ, 1866ರಲ್ಲಿ, ದೆ ವೆಕ್ಕಿ ಎಂಬ ಇಟಲಿಯವನು ಕೆಂಗೇರಿಯಲ್ಲಿ ಹಬೆಯಿಂದ ನಡೆಯುವ ನೂಲು ಬಿಚ್ಚಾಣಿಕೆ ಕಾರ್ಖಾನೆ ಹೂಡಿದ. ಜಪಾನಿನಿಂದ ಮೊಟ್ಟೆ ತರಿಸಿ ಸರ್ಕಾರದ ಬೆಂಬಲದಿಂದ ರೈತರಿಗೆ ಹಂಚಿಸಿದ. ಆ ಮೊಟ್ಟೆಗಳು ಬಂದ ಬಗೆ ನೋಡಿ: ಚಿಟ್ಟೆಗಳು ಜಪಾನಿನಲ್ಲೇ ರಟ್ಟಿನ ಹಾಳೆಗಳ ಮೇಲೆ ಮೊಟ್ಟೆಯಿಟ್ಟು ಸತ್ತವು, ಅಂಟಿಕೊಂಡ ಮೊಟ್ಟೆಗಳ ಸಮೇತ ರಟ್ಟುಗಳು ಹಡಗೇರಿದವು. ತಾಯಿಯನ್ನು ಇಷ್ಟು ದೂರ ಬಿಟ್ಟುಬಂದ ಮರಿಗಳು ಅಪರೂಪವೇ. ಆ ಪ್ರಯೋಗ ಮಾತ್ರ ಬೇರೂರಲಿಲ್ಲ.

ದೂರ ಬಂದರೂ ತಾಯಿ ಬಿಟ್ಟಿರಲಿಲ್ಲ ಎನ್ನುವುದು ನನ್ನ ವಾದ. ಚಳಿಯ ನಾಡಿನ ತಳಿಗಳಲ್ಲಿ ಮೊಟ್ಟೆ ಕೂಡಲೇ ಒಡೆಯಬೇಕೋ, ಚಳಿಗಾಲ ಕಳೆಯುವವರೆಗೆ ಮಲಗಬೇಕೋ ಎಂಬುದು ತಾಯಿಯ ಮೈಯಲ್ಲಿ ಹುಟ್ಟುವ ಹಾರ್ಮೋನಿನಿಂದ ತೀರ್ಮಾನವಾಗುತ್ತದೆ. ವರ್ಷಕ್ಕೆ ಎರಡು ಬೆಳೆಯ ತಳಿಗಳಲ್ಲಂತೂ ತಾಯಿ ತಾನೇ ಮೊಟ್ಟೆಯಾಗಿದ್ದಾಗ ಕಂಡ ಶಾಖ, ಬೆಳಕುಗಳು ಅದನ್ನು ನಿರ್ಧರಿಸುತ್ತವೆ. ಚಳಿಗಾಗಿ ಕಾಯುವ ಮೊಟ್ಟೆಗೆ ಕೆಂಗೇರಿಯ ಹವೆ ಏನು ಉತ್ತರ ಕೊಟ್ಟೀತು? ಇದಕ್ಕಿಂತ ಕೆಟ್ಟ ಬಳುವಳಿ ಗಂಟುರೋಗ. ಅದರ ರೋಗಾಣು ತಾಯಿಯ ಅಂಡಾಶಯದಿಂದಲೇ ಮೊಟ್ಟೆಯೊಳಗೆ ಸೇರಿಬಿಡುತ್ತದೆ. ಯುರೋಪಿನ ರೇಷ್ಮೆಯನ್ನು ನೆಲಕಚ್ಚಿಸಿದ್ದು, ಇಟಲಿಯವರು ಮೊಟ್ಟೆಗಾಗಿ ಜಪಾನಿಗೆ ಓಡುವಂತೆ ಮಾಡಿದ್ದು ಇದೇ ರೋಗ. ಕೆಂಗೇರಿಯಲ್ಲಿ ಕಾರ್ಖಾನೆ ಏಳುತ್ತಿದ್ದ ವರ್ಷಗಳಲ್ಲೇ ಫ್ರಾನ್ಸಿನ ಅಲೆಸ್ ಊರಿನಲ್ಲಿ ಲೂಯಿ ಪಾಶ್ಚರ್ ಇದರ ಬೆನ್ನುಹತ್ತಿದ್ದ. ಅವನು ಕಂಡುಕೊಂಡ ದಾರಿ ಸರಳ: ಪ್ರತಿ ಚಿಟ್ಟೆಯಿಂದ ಬೇರೆಬೇರೆಯಾಗಿ ಮೊಟ್ಟೆ ಇಡಿಸುವುದು, ಆಮೇಲೆ ಆ ಚಿಟ್ಟೆಯನ್ನು ನೀರಲ್ಲಿ ಅರೆದು ಒಂದು ತೊಟ್ಟನ್ನು ಮೈಕ್ರೋಸ್ಕೋಪಿನಡಿ ಇಡುವುದು, ಹೊಳೆಯುವ ಮೊಟ್ಟೆಯಾಕಾರದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುವುದು. ಮರಿಯ ಭವಿಷ್ಯ ಕೇಳಲು ಸತ್ತ ತಾಯಿಯನ್ನೇ ವಿಚಾರಿಸಿದಂತೆ.

ಕೆಂಗೇರಿಯ ಸೋಲನ್ನೆಲ್ಲ ತಾಯಿಯ ತಲೆಗೆ ಕಟ್ಟುವುದು ದುಡುಕು ಎಂಬ ಆಕ್ಷೇಪಕ್ಕೆ ನಾನು ಒಪ್ಪುತ್ತೇನೆ. ಗಂಟುರೋಗ ಸೊಪ್ಪಿನ ಮೂಲಕವೂ ಹರಡುತ್ತದೆ. ಸುಣ್ಣಕಟ್ಟು, ಹಾಲುತೊಂಡೆ ರೋಗಗಳಿಗೆ ತಾಯಿ ಹೊಣೆಯಲ್ಲ. ಹುಳುವನ್ನು ಕರುವಿನೊಡನೆ ಹೋಲಿಸುವುದೇ ತಪ್ಪು ಎನ್ನುವವರೂ ಇದ್ದಾರು. ಆದರೆ ಕರುವನ್ನೇ ನೋಡಿ: ಹಸುವಿನ ಗರ್ಭದಲ್ಲಿದ್ದಾಗ ಅದಕ್ಕೆ ರೋಗನಿರೋಧಕ ಶಕ್ತಿ ದಾಟುವುದಿಲ್ಲ, ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಲ್ಲೇ ಸಿಗಬೇಕು. ಆ ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಗಿಣ್ಣು ಕುಡಿದ ಕರುವನ್ನು ತಾಯಿಯಿಂದ ಬೇರೆ ಮಾಡಿ ಬಕೆಟ್ಟಿನ ಹಾಲಿನಲ್ಲಿ ಬೆಳೆಸಬಹುದು, ಕುಡಿಯದ ಕರುವಿಗೆ ಎಷ್ಟು ಹಾಲು ಹೊಯ್ದರೂ ಕಷ್ಟವೇ. ಎರಡು ಕಡೆಯೂ ಎಷ್ಟು ದಿನ ಜೊತೆಗಿದ್ದರು ಎಂಬುದಕ್ಕಿಂತ ಏನು ದಾಟಿಬಂತು ಎಂಬುದೇ ಮುಖ್ಯ.

ಇನ್ನು ತಾಯಿ ಮಾಡಬೇಕಾಗಿದ್ದ ಕೆಲಸ ಎಲ್ಲಿಗೆ ಹೋಯಿತು? ಕಾಡಿನ ಚಿಟ್ಟೆ ಹಾರಿಹೋಗಿ ಮರಿಗೆ ಒಗ್ಗುವ ಗಿಡ ಹುಡುಕಿ ಮೊಟ್ಟೆಯಿಡುತ್ತದೆ. ಸಾಕಿದ ರೇಷ್ಮೆ ಚಿಟ್ಟೆಗೆ ಹಾರಲು ಬಾರದು. ಆ ಹೊಣೆ ಮನುಷ್ಯರ ಮೇಲೆ, ಹೆಚ್ಚಾಗಿ ಮನೆಯ ಹೆಂಗಸರ ಮೇಲೆ ಬಿತ್ತು. ಮೊಟ್ಟೆ ಒಡೆದ ಮರಿಗಳನ್ನು ಹಕ್ಕಿಯ ಗರಿಯಿಂದ ತಟ್ಟೆಗೆ ಸವರಿ, ಕುಡಿಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿ, ತೇವ ಆರದಂತೆ ಕಾಯ್ದು, ಎರಡು ಜ್ವರ, ಅಂದರೆ ಹುಳು ಪೊರೆ ಕಳಚುವ ಹಂತ, ದಾಟಿಸುವುದೇ ಚಾಕಿ ಸಾಕಾಣಿಕೆ. ಬಿತ್ತನೆಯ, ಅಂದರೆ ಸಾಕಲು ಕೊಡುವ ಮೊಟ್ಟೆಯ, ಹೊಣೆಗೆ ಸರ್ಕಾರವೂ ಹೆಗಲು ಕೊಟ್ಟಿತು; ಅದೇ ಮೈಸೂರು ರಸ್ತೆಯಲ್ಲಿ ಮುಂದಿರುವ ಚನ್ನಪಟ್ಟಣದಲ್ಲಿ 1914ರ ಹೊತ್ತಿಗೆ ರೇಷ್ಮೆ ಫಾರಂ ಶುರುವಾಯಿತು. ಈಗ ಎಷ್ಟೋ ರೈತರು ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳುವನ್ನೇ ಕೊಳ್ಳುತ್ತಾರೆ, ಮೊಟ್ಟೆಯನ್ನೂ ನೋಡುವುದಿಲ್ಲ. ತಾಯಿಯನ್ನು ನೋಡಿದವರು ಬಿತ್ತನೆ ಕೋಠಿಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತವರು ಮಾತ್ರ, ಅದೂ ಅರೆದ ಮೇಲೆ.